ಅಡ್ಡಹೆಸರಿನ ಜಾಡು

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಿಂದ ಹೊರಟು ಪರಸ್ಥಳದಲ್ಲಿ ನೆಲಸಿದವನಿಗೆ ‘ದೋರನಹಳ್ಳಿ’ ಎಂದೇ ಅಡ್ಡಹೆಸರು ಬೀಳುವುದು ನಮ್ಮ ಉತ್ತರದ ಸೀಮೆಯಲ್ಲಿ ಸಹಜವಾದ ಸಂಗತಿ. ಊರಲ್ಲದಿದ್ದರೆ ಕಸುಬು: ಬಡಿಗೇರ, ಕಂಬಾರ, ಪತ್ತಾರ. ಆದರೆ ಅಡ್ಡಹೆಸರು ಒಂದೆಂದ ಮಾತ್ರಕ್ಕೆ ಮನೆತನವೂ ಒಂದೆನ್ನಲಾದೀತೆ? ಊರು ಒಂದೆಂದು ಸಹ ಹೇಳಲಾಗದು. ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಕಡೆಯಲ್ಲಿ ಸಂತ ಅಂತೋಣಿಯವರ ಬೆಸಿಲಿಕಾ ಇರುವ ಇನ್ನೊಂದು ದೋರನಹಳ್ಳಿ ಉಂಟು. ಈ ಎಚ್ಚರವನ್ನಿಟ್ಟುಕೊಂಡು ವಿಜ್ಞಾನದ ಬರಹಗಳಲ್ಲಿ ಅಡ್ಡಹೆಸರುಗಳ ಜಾಡು ಹಿಡಿಯೋಣ, ಬನ್ನಿ.

ನೆರೆಯಲ್ಲೇ ಸಿಕ್ಕುವ ಹೆಸರು ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಫಿಲಿಪ್ ಮೆಡೋಸ್ ಟೇಲರನು ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲು ಹಿಡಿದು ನಿಂತ ಬಂಡೆಗಳನ್ನೂ ರಾಜನಕೋಳೂರಿನ ಕಲ್ಲುಗೋರಿಗಳನ್ನೂ ಕಂಡು ವಿದ್ವತ್ಪತ್ರಿಕೆಗಳಲ್ಲಿ ವರ್ಣಿಸಿದನು. ಗಣಿತ ಕಲಿತವರಿಗೆ 1715ರ ‘ಟೇಲರ್ ಶ್ರೇಣಿ’ ಗೊತ್ತು. ಅದು ಬ್ರೂಕ್ ಟೇಲರನದು. 1911ರಲ್ಲಿ ಕಾರ್ಖಾನೆಯ ಕೆಲಸಕ್ಕೆ ವೈಜ್ಞಾನಿಕ ನಿರ್ವಹಣೆಯ ಸೂತ್ರ ಬರೆದವನು ಅಮೆರಿಕದ ಫ್ರೆಡರಿಕ್ ವಿನ್ಸ್ಲೋ ಟೇಲರ್. ಇವರನ್ನು ಒಂದೇ ವಂಶವೃಕ್ಷದಲ್ಲಿ ಕೂರಿಸಲು ಹೆಸರೊಂದೇ ಸಾಲದು. ಟೇಲರ್ ಎಂದರೆ ಸಿಂಪಿಗ. ಇಂಗ್ಲೆಂಡಿನ ಊರೂರಲ್ಲಿ ಸಿಂಪಿಗರಿದ್ದರು, ಊರೂರಲ್ಲಿ ಟೇಲರರಾದರು.

ಇನ್ನು ನಮ್ಮವರೇ ಆದ ರಾವ್. ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಸಂಖ್ಯಾಶಾಸ್ತ್ರದ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲುದೆಂಬುದನ್ನು 1945ರಲ್ಲಿ ತೋರಿಸಿದರು. ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹ 1975ರಲ್ಲಿ ಆಕಾಶಕ್ಕೇರಿತು. ಬೆಂಗಳೂರಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಸಿ. ಎನ್. ಆರ್. ರಾವ್ ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ರಾವ್ ಎಂಬುದು ಮೂಲದಲ್ಲಿ ಗೌರವದ ಮಾತು, ‘ರಾಯ’ ಎಂಬುದರ ಇನ್ನೊಂದು ರೂಪ. ವಿದೇಶದ ಗ್ರಂಥಸೂಚಿಯಲ್ಲಿ ಮಾತ್ರ ಅದು ಕುಲದ ಹೆಸರಿನಂತೆ ಮೊದಲು ಬಂದು ಕೂರುತ್ತದೆ.

ಇದಕ್ಕೆ ತಿರುಗಾದ ಉದಾಹರಣೆಯೂ ಉಂಟು. ದಕ್ಷಿಣದ ಕೆಲವು ಮನೆತನಗಳಲ್ಲಿ ತಂದೆಯ ಹೆಸರು ಮೊದಲ ಅಕ್ಷರವಾಗಿ ನಿಂತು, ಸ್ವಂತ ಹೆಸರು ಕೊನೆಗೆ ಬರುತ್ತದೆ. ಹೀಗಾಗಿ ಸಿ. ವಿ. ರಾಮನ್ನರ ಸೋದರಳಿಯಂದಿರಾದ ರಾಮಶೇಷನ್, ಚಂದ್ರಶೇಖರ್, ಪಂಚರತ್ನಂ ಒಡಹುಟ್ಟಿದವರಾದರೂ ಸೂಚಿಯಲ್ಲಿ ಅಪರಿಚಿತರಂತೆ ದೂರದೂರ ನಿಲ್ಲುತ್ತಾರೆ. ಅದೇ ಸೂಚಿಯಲ್ಲಿ ‘ಎಸ್. ಚಂದ್ರಶೇಖರ್’ ಎಂದರೆ ಇಬ್ಬರು: ನಕ್ಷತ್ರಗಳ ಅಧ್ಯಯನಕ್ಕಾಗಿ 1983ರಲ್ಲಿ ನೊಬೆಲ್ ಪಡೆದವರು ಒಬ್ಬರು, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡವರು ಇನ್ನೊಬ್ಬರು. ಎರಡನೆಯವರು ಮೊದಲನೆಯವರ ಸೋದರತ್ತೆಯ ಮಗ.

ಇದು ಬರಿಯ ಕುತೂಹಲದ ವಿಷಯವಲ್ಲ. ಪಂಚರತ್ನಂ 1956ರಲ್ಲಿ, ಬೆಳಕಿನ ಧ್ರುವೀಕರಣದ ಸ್ಥಿತಿ ಒಂದು ಸುತ್ತು ಬದಲಾಗಿ ಮೊದಲಿನಂತಾದಾಗ ಅದರ ಅಲೆಯ ಹಂತದಲ್ಲಿ ವ್ಯತ್ಯಾಸ ಉಳಿಯುವುದನ್ನು ಬರೆದರು. 1969ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಕ್ವಾಂಟಂ ಶಾಸ್ತ್ರದಲ್ಲಿ ಇಂಥದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡರು. ಹಳೆಯ ಬರಹಕ್ಕೂ ಹೊಸದಕ್ಕೂ ಇರುವ ನಂಟನ್ನು 1986ರಲ್ಲಿ ಎತ್ತಿ ತೋರಿದವರು ಅಣ್ಣ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ. ಅಡ್ಡಹೆಸರನ್ನೇ ನಂಬಿ ಹುಡುಕುವವನಿಗೆ ಈ ಅಣ್ಣತಮ್ಮಂದಿರ ಸುಳಿವೇ ಸಿಕ್ಕದು. ಇಂದು ಆ ತತ್ತ್ವಕ್ಕೆ ಪಂಚರತ್ನಂ ಹೆಸರೂ ಸೇರಿದೆ.

ಆದುದರಿಂದ, ವಾಚಕರೇ, ಹೆಸರಿನೊಡನೆ ಊರು, ಸಂಸ್ಥೆ, ಗುರು, ವರ್ಷ ಇವನ್ನೂ ಕೇಳಿರಿ. 2012ರಿಂದ ‘ಆರ್ಕಿಡ್’ ಎಂಬ ಸಂಸ್ಥೆ ಸಂಶೋಧಕರಿಗೆ 16 ಅಂಕಗಳ ಗುರುತನ್ನು ಕೊಡುತ್ತಿದೆ. ಹಳೆಯ ಬರಹಗಳಿಗೆ ಅದರ ಆಸರೆಯಿಲ್ಲ. ಮುಂದೆ ದೋರನಹಳ್ಳಿಯ ಹುಡುಗಿಯೊಬ್ಬಳು ಪ್ರಬಂಧ ಪ್ರಕಟಿಸಿದರೆ, ಮೊದಲಿನಿಂದ ಕೊನೆಯವರೆಗೆ ತನ್ನ ಪೂರ್ಣ ಹೆಸರನ್ನು ಒಂದೇ ರೀತಿ ಬರೆಯಲಿ. ಅವಳ ದುಡಿಮೆ ಅವಳ ಲೆಕ್ಕಕ್ಕೇ ಸೇರಬೇಕಲ್ಲವೆ?