ತಾಯಿಕೋಳಿಯ ಹಿಕ್ಕೆಯಿಂದ ಮೇವಿನ ಚೀಲದವರೆಗೆ

ಹೇಂಟೆಯ ಹಿಂದೆ ತಿಪ್ಪೆ ಕೆದಕುತ್ತ ಬೆಳೆಯುವ ಮರಿ ಹುಟ್ಟಿದ ಒಂದೆರಡು ದಿನದಲ್ಲೇ ತಾಯಿಯ ಹಿಕ್ಕೆಯನ್ನೂ ಕುಕ್ಕಿರುತ್ತದೆ. ನಮಗೆ ಅಸಹ್ಯವೆನಿಸುವ ಆ ತುತ್ತಿನಲ್ಲಿ ಅದರ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾಗಳ ದಂಡೇ ಇರುತ್ತದೆ. ಹ್ಯಾಚರಿಯ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಫಾರಂ ತಲುಪುವ ಹೊತ್ತಿಗೆ ಅದರ ಕರುಳು ಹೆಚ್ಚುಕಡಿಮೆ ಖಾಲಿ. ಮೊದಲು ಬಂದವರೇ ಅಲ್ಲಿ ಯಜಮಾನರು. ದೊಡ್ಡ ಕೋಳಿ ಸುಲಭವಾಗಿ ತಡೆದುಕೊಳ್ಳುವ ಸಾಲ್ಮೊನೆಲ್ಲಾ ಎಂಬ ರೋಗಾಣು ಎಳೆಮರಿಯಲ್ಲಿ ಬೆರಳೆಣಿಕೆಯಷ್ಟು ಹೊಕ್ಕರೂ ನೆಲೆಯೂರಿಬಿಡುತ್ತದೆ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಫಿನ್ಲೆಂಡಿನವರು. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಇನ್ಫಾಂಟಿಸ್ ಹಬ್ಬಿತು. ಎಸ್ಕೊ ನುರ್ಮಿ ಮತ್ತು ರಂಟಾಲಾ ಎಂಬ ವಿಜ್ಞಾನಿಗಳು ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನೊಳಗಿನದನ್ನು ತೆಗೆದು, ದ್ರವದಲ್ಲಿ ಕದಡಿ, ಎಳೆಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಬಹುಪಾಲು ಮರಿಗಳಲ್ಲಿ ಅದು ಬೇರೂರಲಿಲ್ಲ. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ವರದಿಯೇ ಈ ಕ್ಷೇತ್ರದ ಬುನಾದಿ. ತಾಯಿಕೋಳಿ ಮಾಡುತ್ತಿದ್ದ ಕೆಲಸವನ್ನು ವಿಜ್ಞಾನಿಗಳು ಪಾತ್ರೆಯಲ್ಲಿ ಮಾಡಿದರು, ಅಷ್ಟೇ.

ಅದೇ ವರ್ಷ ಇಂಗ್ಲೆಂಡಿನ ರಾಯ್ ಫುಲ್ಲರ್, ಕೋಳಿಯ ಕತ್ತಿನ ಮೇವುಚೀಲದ ಗೋಡೆಗೆ ಲ್ಯಾಕ್ಟೊಬ್ಯಾಸಿಲಸ್ ಅಂಟಿಕೊಂಡು ಬದುಕುವುದನ್ನು ವಿವರಿಸಿದರು. ಕೋಳಿಯದೇ ತಳಿ ಕೋಳಿಗೆ ಅಂಟುತ್ತದೆ, ಬೇರೆ ಪ್ರಾಣಿಯದು ಅಂಟುವುದಿಲ್ಲ ಎಂಬುದು ಅವರ ಮುಖ್ಯ ಗಮನಿಕೆ. ಪ್ರೊಬಯಾಟಿಕ್ ಎಂದರೆ ಕರುಳಿನ ಸಮತೋಲ ಸುಧಾರಿಸುವ ಜೀವಂತ ಸೂಕ್ಷ್ಮಜೀವಿಗಳ ಮೇವು-ಪೂರಕ ಎಂದು 1989ರಲ್ಲಿ ಅರ್ಥ ನಿರೂಪಿಸಿದವರೂ ಅವರೇ.

ಇಷ್ಟಾದರೂ ಉದ್ಯಮ ಕಿವಿಗೊಡಲಿಲ್ಲ. 1950ರ ಹೊತ್ತಿನಿಂದಲೇ ಮೇವಿಗೆ ಚಿಟಿಕೆ ಆಂಟಿಬಯಾಟಿಕ್ ಬೆರೆಸಿದರೆ ಕೋಳಿ ಬೇಗ ತೂಕ ಬರುತ್ತದೆಂಬುದು ಗೊತ್ತಿತ್ತು. ಅಗ್ಗದ ಔಷಧಿ ಕೈಯಲ್ಲಿರುವಾಗ ಹಿಕ್ಕೆಯ ಕಷಾಯ ಯಾರಿಗೆ ಬೇಕು? ದಾರಿ ತಿರುಗಿಸಿದ್ದು ವಿಜ್ಞಾನಕ್ಕಿಂತ ಕಾನೂನು. 1986ರಲ್ಲಿ ಸ್ವೀಡನ್ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬಳಸುವುದನ್ನು ನಿಷೇಧಿಸಿತು. 2006ರ ಜನವರಿ 1ರಿಂದ ಇಡೀ ಯುರೋಪಿಯನ್ ಒಕ್ಕೂಟ. ಆಂಟಿಬಯಾಟಿಕ್ ಅದುಮಿಟ್ಟಿದ್ದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಮತ್ತೆ ತಲೆ ಎತ್ತಿತು. ಅದು ತರುವ, ಕರುಳಿನ ಒಳಪದರ ಕೊಳೆಸುವ ನೆಕ್ರೋಟಿಕ್ ಎಂಟರೈಟಿಸ್ ರೋಗ ಸಾಕಣೆದಾರರ ಹೊಸ ತಲೆನೋವಾಯಿತು. ಪ್ರೊಬಯಾಟಿಕ್‌ಗೆ ನಿಜವಾದ ಮಾರುಕಟ್ಟೆ ತೆರೆದದ್ದು ಆಗ.

ಆದರೆ ಮಾರುಕಟ್ಟೆಗೆ ಬಂದದ್ದು ನುರ್ಮಿಯ ಕಷಾಯವಲ್ಲ. ಫಿನ್ಲೆಂಡ್ 1987ರಲ್ಲಿ ‘ಬ್ರಾಯ್ಲಾಕ್ಟ್’ ಎಂಬ ಮಿಶ್ರಣ ಹೊರತಂದಿತ್ತು, ನಿಜ. ಅಮೆರಿಕದ ನಿಯಂತ್ರಕರು ಮಾತ್ರ ಹೆಸರು ಗೊತ್ತಿಲ್ಲದ ಜೀವಿಗಳಿಗೆ ಬಾಗಿಲು ತೆರೆಯಲೊಲ್ಲರು. ಉಪಕಾರಿಗಳ ಜೊತೆ ಯಾವ ರೋಗಾಣು ನುಸುಳುತ್ತದೋ ಎಂಬ ಅವರ ಅಂಜಿಕೆ ಸುಳ್ಳೇನಲ್ಲ. ಕೊನೆಗೆ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು ಟೆಕ್ಸಸ್‌ನಲ್ಲಿ ರೂಪುಗೊಂಡ, 29 ಬಗೆಯ ಬ್ಯಾಕ್ಟೀರಿಯಾಗಳ ‘ಪ್ರೀಎಂಪ್ಟ್’ಗೆ. ಹ್ಯಾಚರಿಯಲ್ಲೇ ಮರಿಗಳ ಮೇಲೆ ಸಿಂಪಡಿಸಿದರೆ ಅವು ಪರಸ್ಪರ ಪುಕ್ಕ ಕುಕ್ಕಿ ನುಂಗುತ್ತಿದ್ದವು.

ಇಪ್ಪತ್ತೊಂಬತ್ತನ್ನು ಒಟ್ಟಿಗೆ ಬೆಳೆಸುವುದು ದುಬಾರಿ. ಮೇಲಾಗಿ ಮೇವಿನ ಗಿರಣಿಯಲ್ಲಿ ಪೆಲೆಟ್ ಒತ್ತುವಾಗ ಶಾಖ 80 ಡಿಗ್ರಿ ದಾಟುತ್ತದೆ, ಲ್ಯಾಕ್ಟೊಬ್ಯಾಸಿಲಸ್ ಅಲ್ಲೇ ಸಾಯುತ್ತದೆ. ಹಾಗಾಗಿ ಗೆದ್ದದ್ದು ಬ್ಯಾಸಿಲಸ್: ಅದರ ಸ್ಪೋರ್, ಅಂದರೆ ಗಟ್ಟಿ ಕವಚದ ಸುಪ್ತ ರೂಪ, ಬೇಯುವುದಿಲ್ಲ, ಚೀಲದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಸ್ಪೋರ್‌ಗಳು ಎಳೆಕೋಳಿಗಳಲ್ಲಿ ಸಾಲ್ಮೊನೆಲ್ಲಾ ಎಂಟರಿಟಿಡಿಸನ್ನೂ ಕ್ಲಾಸ್ಟ್ರಿಡಿಯಂ ಅನ್ನೂ ಹತ್ತಿಕ್ಕಿದ್ದನ್ನು ಬ್ರಿಟನ್ನಿನಲ್ಲಿ ಲಾ ರಾಜಿಯೋನೆ ಮತ್ತು ವುಡ್‌ವರ್ಡ್ 2003ರಲ್ಲಿ ವರದಿ ಮಾಡಿದರು. ಪುರಾವೆ ಗಟ್ಟಿಯಾದದ್ದೇ. ಆದರೂ ಚೀಲಕ್ಕೆ ಯಾವುದು ಒಗ್ಗಿತೋ ಅದೇ ಉಳಿಯಿತು, ಕರುಳಿಗೆ ಯಾವುದು ಮೇಲು ಎಂಬ ಪ್ರಶ್ನೆ ಹಿಂದೆ ಬಿತ್ತು ಎಂದೇ ನನ್ನ ಅನಿಸಿಕೆ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಇನ್ನೊಂದು ರೋಗಾಣುವಿನ ವಿಷಯದಲ್ಲಂತೂ ಇಂದಿಗೂ ಫಲಿತಾಂಶ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ.

ಹೆಸರು ಗೊತ್ತಿದ್ದ ಮಾತ್ರಕ್ಕೆ ನಿರಪಾಯವೂ ಅಲ್ಲ. ಬ್ಯಾಸಿಲಸ್ ಸೀರಿಯಸ್ ವಂಶದ ಒಂದು ತಳಿಯನ್ನು ಯುರೋಪ್ ವರ್ಷಗಟ್ಟಲೆ ಮೇವಿನಲ್ಲಿ ಬಳಸಿ, ಆಂಟಿಬಯಾಟಿಕ್ ನಿರೋಧದ ಮತ್ತು ವಿಷ ತಯಾರಿಕೆಯ ಆತಂಕದಿಂದ 2013ರಲ್ಲಿ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು.

ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ-ಪಕ್ಷಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಕೆಯನ್ನು ನಿಷೇಧಿಸಿತು. ಅಲ್ಲಿಂದೀಚೆಗೆ ಶೆಡ್ಡುಗಳಲ್ಲಿ ಪ್ರೊಬಯಾಟಿಕ್ ಮಾತು ಇನ್ನಷ್ಟು ಕೇಳಿಬರುತ್ತಿದೆ. ಕೊಳ್ಳುವವರು ಡಬ್ಬಿಯ ಮೇಲೆ ನೋಡಬೇಕಾದ್ದು ತಳಿಯ ಹೆಸರು, ಒಂದು ಗ್ರಾಮಿನಲ್ಲಿ ಎಷ್ಟು ಜೀವಂತ ಎಂಬ ಲೆಕ್ಕ, ಅವಧಿಯ ದಿನಾಂಕ. ಲ್ಯಾಕ್ಟೊಬ್ಯಾಸಿಲಸ್ ಪುಡಿಯನ್ನು ಕ್ಲೋರಿನ್ ಹಾಕಿದ ನೀರಿಗೆ ಕಲಸಿದರೆ ಕೋಳಿಯ ಬಾಯಿಗೆ ಹೋಗುವುದು ಬರೀ ಸತ್ತ ಪುಡಿ. ಅದರ ಬೆನ್ನಿಗೇ ಆಂಟಿಬಯಾಟಿಕ್ ಕೊಟ್ಟರೂ ಅಷ್ಟೇ.