ಗಾಲಿಯ ನಟ್ಟು ಎಷ್ಟು ಬಿಗಿಯಿರಬೇಕು?



ಕಾರಿನ ಡಿಕ್ಕಿಯಲ್ಲಿ ಮಲಗಿರುವ ಐದನೇ ಗಾಲಿಗೆ ನಾವೆಲ್ಲ ‘ಸ್ಟೆಪ್ನಿ’ ಅಂತೀವಿ. ಮುಂಬಯಿಯಾಗಲಿ ಚೆನ್ನೈಯಾಗಲಿ, ಯಾವ ಪಂಕ್ಚರ್ ಅಂಗಡಿಗೆ ಹೋದರೂ ಈ ಪದ ಚಲಾವಣೆಯಲ್ಲಿದೆ. ಇದು ಎಲ್ಲಿಂದ ಬಂತು ಗೊತ್ತೇ? ವೇಲ್ಸ್ ನಾಡಿನ ಲಾನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರಿದು! ಆಗೆಲ್ಲ ಕಾರಿನ ಗಾಲಿ ಕಳಚಿ ಬರುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಕೂತು ಟೈರ್ ಬಿಚ್ಚಿ ತೇಪೆ ಹಾಕಬೇಕು. 1904ರಲ್ಲಿ ಲಾನೆಲ್ಲಿಯ ಡೇವೀಸ್ ಸೋದರರು ಕಡ್ಡಿಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರ್ ಹಾಕಿ, ಅದನ್ನು ಕೆಟ್ಟ ಗಾಲಿಯ ಪಕ್ಕಕ್ಕೇ ಕ್ಲಾಂಪಿನಿಂದ ಬಿಗಿಯುವ ಉಪಾಯ ಕಂಡುಹಿಡಿದರು. ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಕ್ಲಾಂಪು ಯಾವತ್ತೋ ಹೋಯಿತು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು.

ಮುಂದೆ ಗಾಲಿಯನ್ನೇ ಕಳಚುವಂತಾಯಿತು. ನಾಲ್ಕೈದು ನಟ್ಟು ಬಿಚ್ಚಿದರೆ ಸಾಕು. ಅನುಕೂಲದ ಜೊತೆಗೇ ಹೊಸ ಭಯವೂ ಬಂತು ನೋಡಿ. ನಾವು ಬಿಚ್ಚಬಹುದಾದದ್ದು ಓಡುವಾಗ ತಾನಾಗಿಯೇ ಬಿಚ್ಚಿಕೊಂಡರೆ?

ಇದಕ್ಕೆ ಹಳಬರು ಕಂಡುಕೊಂಡ ಉತ್ತರ ತಿರುಪಿನ ದಿಕ್ಕು. ಕಾರು ಮುಂದೆ ಹೋಗುವಾಗ ಹೊರಗಿನಿಂದ ನೋಡಿದರೆ ಎಡಗಡೆಯ ಗಾಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಆ ಕಡೆಯ ನಟ್ಟಿಗೆ ಉಲ್ಟಾ ತ್ರೆಡ್ ಕೊಟ್ಟರೆ ಸಡಿಲವಾಗದು ಎಂಬ ನಂಬಿಕೆ. ಸೈಕಲ್ಲಿನ ಎಡ ಪೆಡಲಿಗೆ ಇವತ್ತಿಗೂ ಉಲ್ಟಾ ತ್ರೆಡ್ ಇರುವುದು ಇಂಥದೇ ಕಾರಣಕ್ಕೆ. ಅಮೆರಿಕದ ಕ್ರೈಸ್ಲರ್ ಕಂಪನಿ ಸುಮಾರು 1970ರವರೆಗೂ ತನ್ನ ಕಾರುಗಳ ಎಡಗಾಲಿಗೆ ಉಲ್ಟಾ ತ್ರೆಡ್ ಇಟ್ಟಿತ್ತು. ಗೊತ್ತಿಲ್ಲದವನು ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಗುತ್ತಿತ್ತು ಪಾಪ!

ಕ್ರೈಸ್ಲರ್ ಹೆಸರು ಇನ್ನೊಂದು ಕಡೆಯೂ ಬರುತ್ತದೆ. ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಹುಟ್ಟಿದ್ದು ಕಾರಿಗಾಗಿ ಅಲ್ಲ, ನೀರಿನ ಕೊಳಾಯಿಗಾಗಿ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ನೆಲದಡಿಯ ದೊಡ್ಡ ಪೈಪುಗಳ ಬೋಲ್ಟನ್ನು ಅತಿಯಾಗಿ ಬಿಗಿದು ಕೆಡಿಸುವುದನ್ನು ತಪ್ಪಿಸಲು 1918ರಲ್ಲಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಕಾರಿನ ಕಾರ್ಖಾನೆಗೆ ಅಳತೆಯ ರೆಂಚನ್ನು ತಂದವರಲ್ಲಿ ಕ್ರೈಸ್ಲರ್ ಪ್ರಮುಖರು. ಅವರಿಂದ ಲೈಸೆನ್ಸ್ ಪಡೆದ ಪಾಲ್ ಸ್ಟರ್ಟೆವಂಟ್ 1938ರಲ್ಲಿ ಪೇಟೆಂಟ್ ಪಡೆದ.

ನಟ್ಟು ಸಡಿಲವಾಗುವುದೇಕೆ ಎಂಬ ಒಗಟನ್ನು ಬಿಡಿಸಿದ್ದು ಮಾತ್ರ ಬಹಳ ತಡವಾಗಿ, 1969ರಲ್ಲಿ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಯಂತ್ರವೊಂದನ್ನು ಕಟ್ಟಿ, ಬಿಗಿದ ಭಾಗಗಳನ್ನು ಅಡ್ಡಡ್ಡ ಅಲುಗಾಡಿಸಿದ. ಬಿಗಿದ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರಿದಾಗ ನಟ್ಟು ತಾನಾಗಿ ತಿರುಗಿ ಸಡಿಲವಾಯಿತು. ಜಾರಲು ಬಿಡದಷ್ಟು ಬಲವಾಗಿ ಹಿಡಿದಿಟ್ಟರೆ ನಟ್ಟು ಅಲುಗುವುದಿಲ್ಲ. ಅಂದರೆ ಕಾಯುವುದು ತಿರುಪಿನ ದಿಕ್ಕಲ್ಲ, ಬೋಲ್ಟಿನ ಎಳೆತ. ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿ ಗಾಲಿಯನ್ನು ಒಳಕ್ಕೆ ಸೆಳೆದು ಹಿಡಿಯುತ್ತದೆ.

ಹಾಗಾದರೆ ಶಕ್ತಿ ಬಿಟ್ಟು ಬಿಗಿದರೆ ಒಳ್ಳೆಯದಲ್ಲವೇ ಅಂತೀರಾ? ಅಲ್ಲೇ ಇರುವುದು ತೊಂದರೆ. ಮಿತಿ ಮೀರಿ ಹಿಗ್ಗಿದ ಸ್ಪ್ರಿಂಗ್ ಮತ್ತೆ ಸೆಟೆಯುವುದಿಲ್ಲ. ಅಂಥ ಬೋಲ್ಟು ಮುಂದೊಂದು ದಿನ ಹೆದ್ದಾರಿಯಲ್ಲಿ ತುಂಡಾಗಬಹುದು. ಸಾಮಾನ್ಯ ಕಾರಿಗೆ ಬೇಕಾದದ್ದು 80ರಿಂದ 120 ನ್ಯೂಟನ್ ಮೀಟರ್. ನಿಮ್ಮ ಕಾರಿನ ನಿಖರ ಅಂಕಿ ಅದರ ಪುಸ್ತಕದಲ್ಲೇ ಇರುತ್ತದೆ. 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 40 ಕಿಲೋ ಭಾರ ಹಾಕಿದರೆ ಸುಮಾರು 100 ಆಗುತ್ತದೆ. 60 ಕಿಲೋ ತೂಗುವವರು 30 ಸೆಂಟಿಮೀಟರ್ ಪಾನಾದ ಮೇಲೆ ಹತ್ತಿ ನಿಂತರೆ? 175 ದಾಟಿತು! ನಮ್ಮಲ್ಲಿ ಹತ್ತಿ ನಿಲ್ಲುವುದೇ ಪದ್ಧತಿ ಎನ್ನುವುದು ಬೇರೆ ಮಾತು. ಟೈರ್ ಅಂಗಡಿಯ ಗಾಳಿ ಗನ್ನೂ ಸರಿಯಾಗಿ ಹೊಂದಿಸದಿದ್ದರೆ ಅಷ್ಟೇ ನಿರ್ದಯಿ.

ತ್ರೆಡ್ಡಿಗೆ ಎಣ್ಣೆ ಹಚ್ಚುವ ಅಭ್ಯಾಸವೂ ಬೇಡ. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಎಳೆಯುವುದು ಉಳಿದ ಒಂದು ಪಾಲು. ಎಣ್ಣೆಯಿಂದ ಘರ್ಷಣೆ ತಗ್ಗಿದರೆ ಅಳತೆಯ ಅಂಕಿ ಅದೇ ಇರುತ್ತದೆ, ಎಳೆತ ಮಾತ್ರ ವಿಪರೀತ ಏರುತ್ತದೆ. ಇನ್ನು ನಟ್ಟುಗಳನ್ನು ಸಾಲಾಗಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದನ್ನು ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಇಲ್ಲವಾದರೆ ಬ್ರೇಕ್ ಡಿಸ್ಕ್ ಓರೆಯಾಗಿ ಕೂತು, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗೀತು.

ದಸರೆಗೆ, ದೀಪಾವಳಿಗೆ ಕಾರಲ್ಲೇ ಊರಿಗೆ ಹೊರಡುವವರು ನಮ್ಮ ಕೇಳುಗರಲ್ಲಿ ಬಹಳ ಜನ. ಹೊರಡುವ ಮೊದಲು ಗಾಲಿ ಬಿಚ್ಚಿಸಿದ್ದರೆ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಿ. ಪುಣೆಯಿಂದ ಹೊರಟವರು ಸಾತಾರಾ ಹತ್ತಿರ ಚಹಾಕ್ಕೆ ನಿಲ್ಲಿಸುತ್ತೀರಲ್ಲ, ಅಲ್ಲೇ ನೋಡಬಹುದು. ಚೆನ್ನೈಯವರಿಗೆ ಕಾಂಚೀಪುರದ ಆಸುಪಾಸು.