ಕಥೆಯ ಗಾಯಕ, ದಾಖಲೆಯ ಗಾಯಕ

ಮುಂಬಯಿಯಲ್ಲಿ ತಯಾರಾದ ‘ಬಸಂತ್ ಬಹಾರ್’ (1956) ಚಿತ್ರದ ಸಂಗೀತಸ್ಪರ್ಧೆಯನ್ನು ಹಿಂದೂಸ್ತಾನಿ ಸಂಗೀತದಲ್ಲಿ ಅಭಿರುಚಿಯುಳ್ಳವರು ಮರೆತಿರಲಾರರು. ಗದಗಿನ ನೆಲದಿಂದ ಬಂದ ಭೀಮಸೇನ ಜೋಶಿಯವರು ಅಲ್ಲಿ ನಾಯಕನ ಪ್ರತಿಸ್ಪರ್ಧಿಗೆ ಕಂಠವಿತ್ತರು. ನಾಯಕನಿಗೆ ಕಂಠವಿತ್ತವರು ಮನ್ನಾ ಡೇ. ಕಥೆ ಬೇಡುವುದು ನಾಯಕನ ಗೆಲುವನ್ನಾದುದರಿಂದ ಭೀಮಸೇನರು ಸೋಲಬೇಕಾಯಿತು. ಈ ಸೋಲಿನಿಂದ ಅವರ ಕೀರ್ತಿಗೆ ಎಳ್ಳಷ್ಟೂ ಕುಂದು ಬರಲಿಲ್ಲ. ಅವರು ಬದುಕಿದ್ದರು, ಹಾಡುತ್ತಿದ್ದರು, ಕೇಳುವವರಿಗೆ ನಿಜ ತಿಳಿದಿತ್ತು.

ಆ ಚಿತ್ರದ ಮೂಲ ತ.ರಾ.ಸು. ಅವರ ‘ಹಂಸಗೀತೆ’ (1952) ಎಂಬುದು ಕನ್ನಡಿಗರಿಗೆ ವಿದಿತವೇ ಆಗಿದೆ. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನು ಹಿಂದಿಗೆ ಹೋಗುವಷ್ಟರಲ್ಲಿ ಗೋಪಾಲನಾದನು. ಪಾಳೆಯಗಾರರ ದುರ್ಗ ಹೋಗಿ ಮೊಗಲರ ದರ್ಬಾರು ಬಂದಿತು. ಹೆಸರೇ ಬದಲಾದ ಮೇಲೆ ಚರಿತ್ರೆಗೆ ಅಪಚಾರವಾಯಿತೆಂದು ದೂರುವುದಕ್ಕೆ ಆಸ್ಪದವಿಲ್ಲ. ಹೆಸರನ್ನು ಉಳಿಸಿಕೊಂಡು ಸಂಗತಿಯನ್ನು ಬದಲಿಸಿದಾಗಲೇ ತೊಡಕು.

ನಮ್ಮ ಆಲಂಕಾರಿಕರು ಈ ಸ್ವಾತಂತ್ರ್ಯವನ್ನು ಕವಿಗೆ ಎಂದೋ ಕೊಟ್ಟಿದ್ದಾರೆ. ಇತಿವೃತ್ತದಲ್ಲಿ ರಸಕ್ಕೆ ಹೊಂದದ ಭಾಗವಿದ್ದರೆ ಕವಿಯು ಅದನ್ನು ಕೈಬಿಟ್ಟು ಬೇರೆ ಕಥೆಯನ್ನು ಕಲ್ಪಿಸಿಕೊಳ್ಳಬಹುದು, ನಡೆದುದನ್ನಷ್ಟೇ ಹೇಳುವುದು ಅವನ ಕೆಲಸವಲ್ಲ ಎಂಬುದು ಆನಂದವರ್ಧನನ ಅಭಿಪ್ರಾಯ. ಕಾಳಿದಾಸನು ದೂರ್ವಾಸರ ಶಾಪವನ್ನು ತಂದು ದುಷ್ಯಂತನನ್ನು ಉಳಿಸಿಕೊಂಡುದು ಇದಕ್ಕೆ ಪ್ರಸಿದ್ಧ ನಿದರ್ಶನ. ಭಾರತದ ದುಷ್ಯಂತನು ಲೋಕಾಪವಾದಕ್ಕೆ ಅಂಜಿ ಅರಿತೂ ಅರಿಯದವನಂತೆ ನಟಿಸುತ್ತಾನೆ. ನಾಟಕದ ದುಷ್ಯಂತನು ನಿಜವಾಗಿಯೂ ಮರೆತಿದ್ದಾನೆ. ಇಲ್ಲಿ ಲಕ್ಷ್ಯವಿಟ್ಟು ನೋಡಬೇಕಾದುದೊಂದಿದೆ. ಕಾಳಿದಾಸನ ಕಲ್ಪನೆ ತಪ್ಪಿನ ಹೊರೆಯನ್ನು ಇಳಿಸಿತು. ಹೊರೆಯನ್ನು ಹೊರಿಸುವ ಕಲ್ಪನೆಯ ಮಾತು ಬೇರೆ.

ಸಂಗೀತಗಾರನ ವಿಷಯದಲ್ಲಿ ಈ ಹೊರೆ ಇನ್ನಷ್ಟು ಭಾರವಾಗುತ್ತದೆ. ಕವಿಯ ಮೇಲೆ ಕಥೆ ಕಟ್ಟಿದರೆ ಅವನ ಕಾವ್ಯ ಎದುರಿಗೆ ನಿಂತು ಉತ್ತರ ಕೊಡಬಲ್ಲದು. ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಹಾಡುಗಾರಿಕೆಯ ಮುದ್ರಣ ಆರಂಭವಾದುದು 1902ರಲ್ಲಿ, ಕಲಕತ್ತೆಯಲ್ಲಿ. ಅದಕ್ಕೂ ಹಿಂದಿನ ಗಾಯಕನ ಕಂಠ ಅವನೊಡನೆಯೇ ಮಣ್ಣಾಯಿತು. ಉಳಿದುದು ಆತನ ಕುರಿತು ಪರರು ಆಡಿದ ಮಾತು ಮಾತ್ರ.

ತಾನ್‌ಸೇನನ ಪರವಾಗಿ ಮಾತನಾಡಲು ಅಬುಲ್ ಫಜಲನಿದ್ದನು. ‘ಐನ್-ಇ-ಅಕ್ಬರಿ’ಯಲ್ಲಿ ಆಸ್ಥಾನದ 36 ಮಂದಿ ಸಂಗೀತಗಾರರ ಪಟ್ಟಿಯಿದೆ, ಮೊದಲ ಹೆಸರು ತಾನ್‌ಸೇನನದು, ಬೈಜೂ ಎಂಬ ಹೆಸರು ಅದರಲ್ಲಿಲ್ಲ. ಪರಂಪರೆಯು ಬೈಜುವನ್ನು ಗ್ವಾಲಿಯರಿನ ರಾಜಾ ಮಾನಸಿಂಹನ (1486–1516) ಆಶ್ರಯಕ್ಕೆ ಸೇರಿಸುತ್ತದೆ. ತಾನ್‌ಸೇನನು ಅಕ್ಬರನ ಬಳಿಗೆ ಬಂದುದು 1562ರ ಸುಮಾರಿಗೆ. ಮಾನಸಿಂಹನು ತೀರಿಕೊಂಡಾಗ ಬೈಜು ಇಪ್ಪತ್ತರ ತರುಣನೆಂದು ಹಿಡಿದರೂ, ಅಕ್ಬರನೆದುರು ನಿಲ್ಲುವ ವೇಳೆಗೆ ಅವನಿಗೆ ಅರವತ್ತಾರು ದಾಟಿರಬೇಕು. ‘ಬೈಜೂ ಬಾವ್ರಾ’ (1952) ಚಿತ್ರದ ಬೈಜುವಾದರೋ ಪ್ರೇಮದಲ್ಲಿ ಬೆಂದ ಯುವಕ, ಡಿ.ವಿ. ಪಲುಸ್ಕರರ ಕಂಠದಿಂದ ಅಮೀರ್ ಖಾನರ ಕಂಠವನ್ನು, ಎಂದರೆ ತಾನ್‌ಸೇನನನ್ನು, ಸೋಲಿಸುತ್ತಾನೆ. ಕಾಲಗಣನೆ ಇಲ್ಲಿ ನುಚ್ಚುನೂರಾಗಿದೆ. ಆದರೆ ಸೋತ ತಾನ್‌ಸೇನನನ್ನು ಚಿತ್ರವು ಸಣ್ಣವನನ್ನಾಗಿ ಮಾಡಲಿಲ್ಲ. ಇದನ್ನು ದೊಡ್ಡ ಅಪರಾಧವೆಂದು ಎಣಿಸಬೇಕಾಗಿಲ್ಲ.

ವಿಯೆನ್ನಾದ ಆಂಟೋನಿಯೊ ಸಾಲಿಯೇರಿಯ ಗತಿ ಹೀಗಾಗಲಿಲ್ಲ. ಮೊಜಾರ್ಟನು 1791ರ ಡಿಸೆಂಬರ್ 5ರಂದು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮರಣದ ಪುಸ್ತಕದಲ್ಲಿ ಬರೆದಿರುವುದು ಮೈಮೇಲೆ ಗುಳ್ಳೆಗಳೇಳುವ ತೀವ್ರ ಜ್ವರವೆಂದು. ಶರೀರ ಊದಿಕೊಂಡಿದ್ದುದರಿಂದ ವಿಷವಿಟ್ಟಿರಬಹುದೆಂಬ ಜನರ ಮಾತನ್ನು ಬರ್ಲಿನ್ನಿನ ಪತ್ರಿಕೆಯೊಂದು ಅದೇ ತಿಂಗಳು ಅಚ್ಚುಹಾಕಿತು. ಸಾಲಿಯೇರಿಯ ಹೆಸರನ್ನು ಅದು ಎತ್ತಲಿಲ್ಲ. ಆ ಹೆಸರು ವದಂತಿಯಲ್ಲಿ ಬಲವಾಗಿ ಬೇರೂರಿದುದು ಮೂವತ್ತು ವರ್ಷಗಳ ತರುವಾಯ, ಸಾಲಿಯೇರಿಯು ಬುದ್ಧಿ ಕಲಕಿ ಆಸ್ಪತ್ರೆ ಸೇರಿದಾಗ. ‘ನಾನೇ ವಿಷವಿಟ್ಟೆ’ ಎಂದು ಆತನು ಒಪ್ಪಿಕೊಂಡನಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. 1823ರಲ್ಲಿ ಕಾಣಲು ಬಂದ ಶಿಷ್ಯ ಮೋಶೆಲೆಸನಿಗೆ ಆ ವೃದ್ಧನು ತನ್ನ ಮಾನದ ಮೇಲೆ ಆಣೆಯಿಟ್ಟು ಅದು ಸುಳ್ಳೆಂದು ಹೇಳಿದನು. ಹಗಲಿರುಳು ಸೇವೆಯಲ್ಲಿದ್ದ ಇಬ್ಬರು ಪರಿಚಾರಕರು ಅಂಥ ಮಾತನ್ನು ತಾವು ಕೇಳಲೇ ಇಲ್ಲವೆಂದು 1825ರಲ್ಲಿ ಬರೆದುಕೊಟ್ಟರು. ಅದೇ ವರ್ಷ ಸಾಲಿಯೇರಿಯು ತೀರಿಕೊಂಡನು.

ಐದು ವರ್ಷ ಕಳೆಯುವಷ್ಟರಲ್ಲಿ ಪುಷ್ಕಿನ್ ಕವಿಯು ಪುಟ್ಟ ನಾಟಕವೊಂದನ್ನು (1830) ಬರೆದು, ಸಾಲಿಯೇರಿಯ ಕೈಯಿಂದಲೇ ಮೊಜಾರ್ಟನ ಪಾನಪಾತ್ರೆಗೆ ವಿಷ ಹಾಕಿಸಿದನು. ಮೊಜಾರ್ಟನ ಕೃತಿಗೆ ಸಿಳ್ಳೆ ಹೊಡೆಯಬಲ್ಲ ಅಸೂಯೆಯುಳ್ಳವನು ಅದರ ಕರ್ತನಿಗೆ ವಿಷವನ್ನೂ ಇಡಬಲ್ಲನೆಂಬುದು ಕವಿಯ ತರ್ಕ. ನಾಟಕಕ್ಕೆ ಇದು ಸಾಕು, ನ್ಯಾಯಾಲಯಕ್ಕೆ ಸಾಲದು. 1897ರಲ್ಲಿ ರಿಮ್ಸ್ಕಿ-ಕೊರ್ಸಕೋವನು ಅದನ್ನು ಗೀತನಾಟಕವಾಗಿಸಿದನು. 1979ರಲ್ಲಿ ಪೀಟರ್ ಶಾಫರನ ‘ಅಮಾಡಿಯಸ್’ ರಂಗಕ್ಕೆ ಬಂದಿತು. 1984ರಲ್ಲಿ ಅದು ಚಿತ್ರವಾಗಿ ಎಂಟು ಆಸ್ಕರ್ ಬಹುಮಾನಗಳನ್ನು ಪಡೆಯಿತು. ಶಾಫರನು ವಿಷವನ್ನು ಬಿಟ್ಟು ಪಿತೂರಿಯನ್ನು ಹಿಡಿದನು. ಚಿತ್ರದಲ್ಲಿ ಸಾಲಿಯೇರಿಯೇ ಮುಖವಾಡ ತೊಟ್ಟು ಮೃತ್ಯುಗೀತೆಯನ್ನು ಬರೆಯಹಚ್ಚುತ್ತಾನೆ. ವಾಸ್ತವದಲ್ಲಿ ಅದನ್ನು ಬರೆಯಿಸಿದವನು ವಾಲ್‌ಸೆಗ್ ಎಂಬ ಕೌಂಟ್; ತೀರಿಹೋದ ಹೆಂಡತಿಯ ನೆನಪಿಗಾಗಿ ಗುಟ್ಟಾಗಿ ಬರೆಯಿಸಿ, ತನ್ನದೆಂದು ಹೇಳಿಕೊಳ್ಳುವುದು ಆತನ ಹಂಚಿಕೆ. ದೇವರಿಗೆ ಬ್ರಹ್ಮಚರ್ಯದ ವಚನವಿತ್ತ ಚಿತ್ರದ ಸಾಲಿಯೇರಿಯು ನಿಜದಲ್ಲಿ ಮದುವೆಯಾಗಿ ಎಂಟು ಮಕ್ಕಳ ತಂದೆಯಾಗಿದ್ದನು!

ಇಬ್ಬರ ನಡುವೆ ಇರಿಸುಮುರಿಸು ಇರಲೇ ಇಲ್ಲವೆನ್ನುವಂತಿಲ್ಲ. ಆಸ್ಥಾನದ ಇಟಲಿಯವರ ಕುತಂತ್ರವನ್ನು ಮೊಜಾರ್ಟನೂ ಅವನ ತಂದೆಯೂ ಪತ್ರಗಳಲ್ಲಿ ದೂರಿದ್ದುಂಟು. ಆದರೆ ಉಳಿದುಬಂದಿರುವ ಮೊಜಾರ್ಟನ ಕಟ್ಟಕಡೆಯ ಪತ್ರ ಹೇಳುವುದು ಬೇರೆ. 1791ರ ಅಕ್ಟೋಬರ್ 14ರಂದು ಹೆಂಡತಿಗೆ ಬರೆದ ಅದರಲ್ಲಿ, ತಾನು ಸಾಲಿಯೇರಿಯನ್ನು ‘ಮಾಂತ್ರಿಕ ಕೊಳಲು’ ನೋಡಲು ಕರೆದೊಯ್ದುದನ್ನೂ, ಆತನು ಪ್ರತಿಯೊಂದು ಭಾಗಕ್ಕೂ ಭಲೆ ಎಂದುದನ್ನೂ ಹಿಗ್ಗಿನಿಂದ ವರ್ಣಿಸಿದ್ದಾನೆ. ತಂದೆಯನ್ನು ಕಳೆದುಕೊಂಡ ಮೊಜಾರ್ಟನ ಕಿರಿಯ ಮಗನಿಗೆ ಮುಂದೆ ಸಾಲಿಯೇರಿಯೇ ಪಾಠ ಹೇಳಿದನು. ಬೀಥೋವನ್, ಶೂಬರ್ಟ್, ಲಿಸ್ಟ್ ಇವರೂ ಆತನ ಶಿಷ್ಯರೇ. 1785ರಲ್ಲಿ ಒಬ್ಬ ಗಾಯಕಿಯು ಕಾಯಿಲೆಯಿಂದ ಚೇತರಿಸಿಕೊಂಡಾಗ ಇಬ್ಬರೂ ಸೇರಿ ಸಂಗೀತ ಹಾಕಿದ ಕೃತಿಯೊಂದು ಪ್ರಾಗ್ ನಗರದ ಸಂಗ್ರಹಾಲಯದಲ್ಲಿ ಸಿಕ್ಕಿತೆಂಬ ಸುದ್ದಿ 2016ರಲ್ಲಿ ಹೊರಬಿದ್ದಿತು.

ಇಷ್ಟು ದಾಖಲೆಗಳಿದ್ದೂ ಕಥೆಯೇ ಗೆದ್ದುದು ಏಕೆ? ಸಾಲಿಯೇರಿಯ ಸಂಗೀತ ರಂಗದಿಂದ ಮರೆಯಾಗಿತ್ತು. ಕೇಳಿ ತೂಗಿ ನೋಡುವುದಕ್ಕೆ ಜನರ ಕಿವಿಯಲ್ಲಿ ಏನೂ ಇರಲಿಲ್ಲ. ವಿಚಿತ್ರವೆಂದರೆ, ಮಸಿ ಬಳಿದ ಚಿತ್ರವೇ ಕುತೂಹಲವನ್ನೂ ಕೆರಳಿಸಿತು. 2003ರಲ್ಲಿ ಚೆಚಿಲಿಯಾ ಬಾರ್ತೊಲಿ ಎಂಬ ಖ್ಯಾತ ಗಾಯಕಿಯು ಸಾಲಿಯೇರಿಯ ಹಾಡುಗಳದೇ ಒಂದು ಮುದ್ರಿಕೆಯನ್ನು ಹೊರತಂದಳು.

ಸ್ವರಲಿಪಿ ಉಳಿದಿದ್ದುದರಿಂದ ಸಾಲಿಯೇರಿಗೆ ಈ ಪುನರ್ವಿಚಾರಣೆ ದೊರೆಯಿತು. ಭೈರವಿ ವೆಂಕಟಸುಬ್ಬಯ್ಯನಿಗೆ ಆ ಭಾಗ್ಯವಿಲ್ಲ. ತ.ರಾ.ಸು. ದುರ್ಗದ ಸೀಮೆಯವರು, ಆ ಕಲ್ಲುಬಂಡೆಗಳ ನೆನಪುಗಳನ್ನು ಅವರಷ್ಟು ಪ್ರೀತಿಯಿಂದ ಕಾದಂಬರಿಗೆ ತಂದವರು ವಿರಳ. ತನ್ನ ನಾದ ದೇವರಿಗಷ್ಟೇ ಸಲ್ಲಬೇಕೆಂದ ಗಾಯಕನು ಟೀಪುವಿನೆದುರು ಹಾಡಲೊಲ್ಲದೆ ನಾಲಿಗೆಯನ್ನೇ ಕತ್ತರಿಸಿಕೊಂಡನೆಂಬ ಪ್ರಸಂಗ ಕಲೆಯಾಗಿ ಅಪ್ರತಿಮ. ಅದನ್ನು ಚರಿತ್ರೆಯೆಂದು ಉದಾಹರಿಸುವವರು ಮಾತ್ರ ತುಸು ನಿಲ್ಲಬೇಕು. 1779ರಲ್ಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಸೆರೆಗೊಯ್ದವನು ಹೈದರಾಲಿ. ಟೀಪು ಪಟ್ಟಕ್ಕೆ ಬಂದುದು 1782ರ ಕೊನೆಗೆ. ಅರಸನಾದ ಟೀಪುವಿನೆದುರು ಆ ಘಟನೆ ನಡೆದಿದ್ದರೆ ದುರ್ಗ ಬಿದ್ದ ಮೂರು ವರ್ಷಗಳ ಮೇಲೆಯೇ ನಡೆದಿರಬೇಕು. ಕಾದಂಬರಿಯೊಂದರ ಬಲದಿಂದಲೇ ಅದನ್ನು ಟೀಪುವಿನ ಲೆಕ್ಕಕ್ಕೆ ಬರೆಯುವುದೂ, ಪುಷ್ಕಿನ್ನನ ಬಲದಿಂದ ಸಾಲಿಯೇರಿಯನ್ನು ಕೊಲೆಗಾರನೆನ್ನುವುದೂ ಒಂದೇ ದಾರಿಯ ಎರಡು ಹೆಜ್ಜೆಗಳು. ತಪ್ಪು ಕಾದಂಬರಿಕಾರರದಲ್ಲ, ಕಾದಂಬರಿಯನ್ನು ಶಾಸನದಂತೆ ಓದುವವರದು.

1975ರಲ್ಲಿ ಜಿ.ವಿ. ಅಯ್ಯರ್ ಅವರು ‘ಹಂಸಗೀತೆ’ಯನ್ನು ಕನ್ನಡದಲ್ಲಿಯೇ ಚಿತ್ರಿಸಿ, ಮುಂಬಯಿಯ ಚಿತ್ರ ತೊಡೆದುಹಾಕಿದ್ದ ಹೆಸರನ್ನು ಗಾಯಕನಿಗೆ ಮರಳಿ ಕೊಟ್ಟರು. ವೆಂಕಟಸುಬ್ಬಯ್ಯನಾಗಿ ಅಭಿನಯಿಸಿದವರು ಅನಂತನಾಗ್. ಆ ಚಿತ್ರದ ಗಾಯನಕ್ಕಾಗಿ ಎಂ. ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಭೈರವಿ ವೆಂಕಟಸುಬ್ಬಯ್ಯನೆಂದೊಡನೆ ಇಂದು ಕನ್ನಡಿಗರ ಕಿವಿಯಲ್ಲಿ ಮೊಳಗುವುದು ಬಾಲಮುರಳಿಯವರ ಕಂಠವೇ.